ಕಲ್ಲಿನ ಬಳಿ ಅಗೆದ ಇಪ್ಪತ್ತೆರಡು ಗುಂಡಿಗಳು

2001ನೇ ಇಸವಿ. ನಾನಾಗ ಸರ್ಕಾರದ ರಸ್ತೆ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ಹುಣಸೂರಿನಲ್ಲಿ ಬಾಡಿಗೆ ಮನೆ. ಹೆಸರಿಗೆ ನನ್ನದು ಒಂದು ಶಾಖೆ, ನಿಜದಲ್ಲಿ ಮೂರು. ಪಿರಿಯಾಪಟ್ಟಣದ ಕಡೆ ನೋಡಿಕೊಳ್ಳುತ್ತಿದ್ದವರು ನಿವೃತ್ತರಾಗಿ ಅವರ ಕುರ್ಚಿ ಖಾಲಿ ಬಿದ್ದಿತ್ತು. ಕೆ.ಆರ್. ನಗರದ ಕಡೆಯವರು ಹದಿನೈದು ದಿನದ ರಜೆಗೆ ಹೋದವರು ರಜೆಯನ್ನೇ ಬೆಳೆಸುತ್ತಾ ಕೂತಿದ್ದರು. ಅವರಿಬ್ಬರ ಕೆಲಸವೂ ನನ್ನ ತಲೆಗೇ ಬಂತು. ಹೆಚ್ಚುವರಿ ಪ್ರಭಾರ ಎಂದು ಆದೇಶದಲ್ಲಿ ಬರೆಯುತ್ತಾರೆ. ಹೊರುವವನಿಗೆ ಗೊತ್ತು ಅದರ ತೂಕ.

ಎಂಜಿನಿಯರ್ ಎಂದರೆ ರಸ್ತೆ ಮಾಡುವವನು ಎಂದು ಜನ ತಿಳಿದಿದ್ದಾರೆ. ನನ್ನ ಸರ್ವೀಸಿನ ಅರ್ಧ ಭಾಗ ಕಳೆದದ್ದು ಬೇರೆಯವರು ರಸ್ತೆ ಅಗೆಯುವುದನ್ನು ನೋಡುವುದರಲ್ಲಿ. ಕುಡಿಯುವ ನೀರಿನ ಪೈಪು, ಟೆಲಿಫೋನ್ ಕೇಬಲ್, ಪೆಟ್ರೋಲ್ ಬಂಕಿಗೆ ದಾರಿ, ಹೀಗೆ ಯಾರು ರಸ್ತೆ ಪಕ್ಕದಲ್ಲಿ ಏನು ಮಾಡಬೇಕಾದರೂ ಇಲಾಖೆಯ ಅನುಮತಿ ಬೇಕು. ಅನುಮತಿಯ ಜೊತೆ ಒಂದಷ್ಟು ಷರತ್ತುಗಳಿರುತ್ತವೆ. ಷರತ್ತಿನಂತೆ ಕೆಲಸ ನಡೆದಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡಿ, ನಡೆದಿದೆ ಎಂದು ಸಹಿ ಹಾಕಬೇಕಾದವನು ನನ್ನಂಥ ಸಹಾಯಕ ಎಂಜಿನಿಯರ್. ಆ ಸಹಿ ಬಿದ್ದ ಮೇಲೆ ಆ ನೆಲದ ಬಗ್ಗೆ ಯಾರೂ ಮತ್ತೆ ಯೋಚಿಸುವುದಿಲ್ಲ.

ಆ ಬೇಸಿಗೆಯಲ್ಲಿ ಒಂದು ಖಾಸಗಿ ಟೆಲಿಫೋನ್ ಕಂಪನಿಗೆ ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಕೇಬಲ್ ಹಾಕಲು ಅನುಮತಿ ಸಿಕ್ಕಿತು. ಅದರಲ್ಲಿ ಇಪ್ಪತ್ತೆರಡು ಕಿಲೋಮೀಟರ್ ನನ್ನ ವ್ಯಾಪ್ತಿಗೆ ಬರುತ್ತಿತ್ತು. ಟ್ರೆಂಚ್, ಅಂದರೆ ಕಾಲುವೆಯ ಹಾಗೆ ಉದ್ದಕ್ಕೆ ತೋಡುವ ಗುಂಡಿ, 1.65 ಮೀಟರ್, ಹತ್ತಿರ ಹತ್ತಿರ ಐದೂವರೆ ಅಡಿ, ಆಳ ಇರಬೇಕು. ಪೈಪು ಇಟ್ಟ ಮೇಲೆ ಮಣ್ಣನ್ನು ಒಂದೇ ಸಲಕ್ಕೆ ತಳ್ಳಬಾರದು. ಅರ್ಧ ಅಡಿಗೊಂದು ಪದರ ಹಾಕಿ, ನೀರು ಚಿಮುಕಿಸಿ, ಬಡಿದು ಗಟ್ಟಿಯಾಗುವಂತೆ ದಿಮ್ಮಿಸಿ, ಅದರ ಮೇಲೆ ಇನ್ನೊಂದು ಪದರ. ಓದಲು ಒಂದು ಸಾಲು. ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಕೆರೆಯೆಲ್ಲ ತಳ ಕಂಡಿರುವಾಗ, ಇಪ್ಪತ್ತೆರಡು ಕಿಲೋಮೀಟರ್ ಉದ್ದಕ್ಕೆ ಹಾಗೆ ಮಾಡುವುದು ಸಣ್ಣ ಕೆಲಸವಲ್ಲ.

ಟ್ರೆಂಚು ಇಲಾಖೆಯ ಜಾಗದ ಕಟ್ಟಕಡೆಯ ಅಂಚಿನಲ್ಲಿ ಹೋಗಬೇಕು ಎಂಬುದು ಇನ್ನೊಂದು ಷರತ್ತು. ಆದರೆ ಅಲ್ಲೆಲ್ಲ ರೈತರ ಬೇಲಿಗಳು ಬಂದು ಕೂತಿದ್ದವು, ದೊಡ್ಡ ದೊಡ್ಡ ಹುಣಸೆ ಮರಗಳಿದ್ದವು. ಮರ ಕಡಿಯಲು ಅರಣ್ಯ ಇಲಾಖೆಯನ್ನು ಕೇಳಬೇಕು, ಬೇಲಿ ತೆಗೆಸಲು ಊರನ್ನೇ ಎದುರು ಹಾಕಿಕೊಳ್ಳಬೇಕು. ಎರಡಕ್ಕೂ ನನಗೆ ತ್ರಾಣವಿರಲಿಲ್ಲ. ಅಂಥ ಕಡೆಗಳಲ್ಲಿ ಟ್ರೆಂಚನ್ನು ರಸ್ತೆಯ ಕಡೆಗೆ ಸರಿಸಿ ಶೋಲ್ಡರಿನಲ್ಲೇ ಒಯ್ಯಬಹುದು ಎಂದು ಬರೆದುಕೊಟ್ಟೆ. ಶೋಲ್ಡರ್ ಎಂದರೆ ಟಾರಿನ ಪಕ್ಕದ ಮಣ್ಣಿನ ಪಟ್ಟಿ.

ಆ ಮಣ್ಣಿನ ಪಟ್ಟಿಯ ಬೆಲೆ ತಿಳಿಯಬೇಕಾದರೆ ಆಗಿನ ನಮ್ಮ ರಸ್ತೆಗಳನ್ನು ನೆನಪು ಮಾಡಿಕೊಳ್ಳಬೇಕು. ಟಾರು ಇದ್ದದ್ದು ಹನ್ನೆರಡು ಅಡಿ ಚಿಲ್ಲರೆ. ಬಸ್ಸಿಗೆ ಎದುರಾಗಿ ಲಾರಿ ಬಂದರೆ ಇಬ್ಬರೂ ತಂತಮ್ಮ ಎಡಗಡೆಯ ಚಕ್ರಗಳನ್ನು ಮಣ್ಣಿಗೆ ಇಳಿಸಬೇಕು. ಚಕ್ರ ಇಳಿಸುವುದು ಎಂದೇ ಡ್ರೈವರುಗಳು ಅದನ್ನು ಕರೆಯುತ್ತಿದ್ದರು. ಯಾರು ಮೊದಲು ಇಳಿಸಬೇಕು ಎಂಬುದರಲ್ಲಿ ದಿನಕ್ಕೆ ಹತ್ತು ಜಗಳ. ಇಳಿಸಿದ ಮೇಲೆ ಮಣ್ಣು ತಡೆಯುತ್ತದೆ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಇಡೀ ರಸ್ತೆ ಆ ನಂಬಿಕೆಯ ಮೇಲೆ ನಡೆಯುತ್ತಿತ್ತು.

ಇನ್ನು ನನ್ನ ತಪಾಸಣೆಯ ವಿಷಯ. ತಪಾಸಣಾ ವರದಿಯ ನಮೂನೆಯಲ್ಲಿ ಮೊದಲ ಕಲಂ, ಯಾವ ಕಿಲೋಮೀಟರ್, ಎಷ್ಟನೇ ಮೀಟರ್ ಎಂಬುದು. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ಹತ್ತಿರ ಜೀಪು ನಿಲ್ಲಿಸಿ, ಅಲ್ಲೇ ಒಂದು ಗುಂಡಿ ತೆಗೆಸಿ ನೋಡಿದರೆ ಆ ಕಲಂ ತುಂಬುವುದು ಸಲೀಸು. 'ಕಿ.ಮೀ. 14, ಮೀ. 0' ಎಂದು ಬರೆದರೆ ಮುಗಿಯಿತು. ಕಲ್ಲು ಬಿಟ್ಟು ನಡುವೆ ಎಲ್ಲೋ ಅಗೆಸಬೇಕೆಂದರೆ ಕಲ್ಲಿನಿಂದ ಅಲ್ಲಿಯವರೆಗೆ ಟೇಪು ಹಿಡಿದು ಅಳೆಯಬೇಕು. ಹಿಂದೆ ಇನ್ನೂರು ಮೀಟರಿಗೊಂದು ಸಣ್ಣ ಕಲ್ಲು ಇರುತ್ತಿತ್ತು. ಅವುಗಳಲ್ಲಿ ಬಹುಪಾಲು ಊರೊಳಗೆ ಹೋಗಿ ಬಟ್ಟೆ ಒಗೆಯುವ ಕಲ್ಲುಗಳಾಗಿದ್ದವು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮೇಲಧಿಕಾರಿ ಜೀಪನ್ನು ಕಲ್ಲಿನ ಬಳಿಯೇ ನಿಲ್ಲಿಸುತ್ತಿದ್ದರು. ಅವರ ಮೇಲಧಿಕಾರಿಯೂ ಹಾಗೆಯೇ ಮಾಡುತ್ತಿದ್ದಿರಬೇಕು. ಇದು ಎಲ್ಲಿಯೂ ಬರೆದ ನಿಯಮವಲ್ಲ. ಮಠದಲ್ಲಿ ಬೆಕ್ಕು ಕಟ್ಟಿದ ಹಾಗೆ, ಯಾಕೆಂದು ಯಾರೂ ಕೇಳದೆ ನಡೆದುಬಂದದ್ದು.

ಟ್ರೆಂಚಿನ ಕೆಲಸ ಹಿಡಿದಿದ್ದವನು ಸಾಲಿಗ್ರಾಮದ ಚಿಕ್ಕಣ್ಣ ಮೇಸ್ತ್ರಿ. ಐವತ್ತರ ಆಸುಪಾಸಿನ, ಮಾತು ಕಡಿಮೆಯ, ಕೆಲಸ ಬಲ್ಲ ಮನುಷ್ಯ. ನಾನು ಹೋಗುವ ದಿನ ಗೊತ್ತಾದರೆ ಪ್ರತಿ ಕಲ್ಲಿನ ಹತ್ತಿರ ಪಿಕಾಸಿ, ಹಾರೆಗಳ ಸಮೇತ ಇಬ್ಬರು ಆಳುಗಳನ್ನು ನಿಲ್ಲಿಸಿರುತ್ತಿದ್ದ. ಜೀಪು ನಿಲ್ಲುವುದೇ ತಡ, ಅಗೆಯಲು ಶುರು. ಒಳಗೆ ಆಳ ಸರಿಯಾಗಿ 1.65. ಮಣ್ಣು ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಪಿಕಾಸಿ ಒಂದು ಏಟಿಗೆ ನಾಟುತ್ತಿರಲಿಲ್ಲ. ನನಗೆ ಖುಷಿಯಾಗುತ್ತಿತ್ತು. ಏಪ್ರಿಲ್ ಮುಗಿಯುವುದರೊಳಗೆ ಇಪ್ಪತ್ತೆರಡು ಕಲ್ಲುಗಳ ಬಳಿ ಇಪ್ಪತ್ತೆರಡು ಗುಂಡಿ ನೋಡಿದೆ. 'ಷರತ್ತುಗಳಂತೆ ಕೆಲಸ ಪೂರ್ಣಗೊಂಡಿದೆ, ಶೋಲ್ಡರ್ ಸುಸ್ಥಿತಿಯಲ್ಲಿದೆ' ಎಂದು ಪ್ರಮಾಣಪತ್ರ ಬರೆದು ಸಹಿ ಹಾಕಿದೆ. ಮಾಡಿದ ಕೆಲಸ ಚೊಕ್ಕವಾಗಿದೆ ಎಂಬ ಸಮಾಧಾನ ಕೂಡ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಸುರಿದು ಐದನೆಯ ದಿನ ಹೊಳವಾದಾಗ, ಬೆಳಗ್ಗೆ ಎಂಟೂವರೆಗೆ, ಕೋಟೆಯಿಂದ ಹುಣಸೂರಿಗೆ ಬರುತ್ತಿದ್ದ ಸರ್ಕಾರಿ ಬಸ್ಸಿಗೆ ಶುಂಠಿ ಮೂಟೆ ಹೇರಿದ ಲಾರಿ ಎದುರಾಯಿತು. ಬಸ್ಸಿನವನು ವೇಗ ತಗ್ಗಿಸಿ ಎಡಗಡೆ ಚಕ್ರ ಇಳಿಸಿದ. ಮುಂದಿನ ಚಕ್ರ ಆಕ್ಸಲಿನವರೆಗೆ ಹೂತುಹೋಯಿತು. ಬಸ್ಸು ವಾಲಿ, ಮೆಲ್ಲಗೆ ಜಾರಿ, ಪಕ್ಕದ ಹೊಲದ ಹಳ್ಳಕ್ಕೆ ಮಲಗಿತು. ಮೂವತ್ತೆಂಟು ಜನರಿದ್ದರು. ಯಾರೂ ಸಾಯಲಿಲ್ಲ. ಹನ್ನೊಂದು ಜನರಿಗೆ ಪೆಟ್ಟಾಯಿತು. ಹುಣಸೂರಿನ ಸಂತೆಗೆ ಸೊಪ್ಪು ತರುತ್ತಿದ್ದ ಕೆಂಪಮ್ಮ ಎಂಬ ಹೆಂಗಸಿನ ಬಲಭುಜದ ಮೂಳೆ ಎರಡು ಕಡೆ ಮುರಿಯಿತು.

ಡ್ರೈವರನ ಮೇಲೆ ಅಜಾಗರೂಕ ಚಾಲನೆಯ ಕೇಸು ಬಿತ್ತು. ಅವನ ಇಲಾಖೆ ಅವನನ್ನು ಅಮಾನತಿನಲ್ಲಿಟ್ಟು ವಿಚಾರಣೆಗೆ ಆದೇಶ ಮಾಡಿತು. ತಪ್ಪು ಸಾಬೀತಾದರೆ ಕೆಲಸದಿಂದಲೇ ತೆಗೆಯುತ್ತಿದ್ದರು. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಓದಿದ ನಾನು 'ಇವರು ಓಡಿಸುವುದೇ ಹಾಗೆ' ಎಂದುಕೊಂಡು ಪುಟ ತಿರುಗಿಸಿದ್ದೆ.

ಹತ್ತು ದಿನ ಕಳೆದಿರಬೇಕು. ಕಚೇರಿಗೆ ಒಬ್ಬ ಬಂದು ನನ್ನ ಮೇಜಿನ ಮುಂದೆ ನಿಂತ. ನಲವತ್ತೈದರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಹೊಲಿಗೆಯ ಗುರುತು. ಹೆಸರು ಸಿದ್ದರಾಜು, ಬಸ್ಸು ಓಡಿಸಿದವನು ತಾನೇ ಎಂದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಸಾ, ಹತ್ತೊಂಬತ್ತು ವರ್ಸ ಆಯ್ತು ನಾನು ಸ್ಟೇರಿಂಗ್ ಇಡ್ದು. ಒಂದು ಕೋಳಿ ಮರೀನೂ ಅತ್ತುಸ್ನಿಲ್ಲ. ಆವತ್ತು ನಾನು ಚಕ್ರ ಇಳಿಸಿದ್ದು ರೋಡಿಗೆ, ಅಳ್ಳಕ್ಕಲ್ಲ. ನೀವು ಒಂದಪ ಬಂದು ಆ ಜಾಗ ನೋಡಿ ಸಾ. ಅಷ್ಟೇ ನಾನು ಕೇಳಾದು."

ಆ ಜಾಗವನ್ನು ನಾನು ಆಗಲೇ ನೋಡಿ ಸಹಿ ಹಾಕಿದ್ದೇನೆ, ಶೋಲ್ಡರ್ ಗಟ್ಟಿಯಾಗಿದೆ ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

"ಗಟ್ಟಿಯಾಗಿದ್ರೆ ನನ್ ಬಸ್ಸು ಯಾಕ್ ಸಾ ಹೂತ್ಕತ್ತದೆ?" ಎಂದ. ಜಗಳದ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ನಾನು ಫೈಲು ತೆರೆದು ಅದರೊಳಗೆ ಏನೋ ಹುಡುಕುವವನಂತೆ ತಲೆ ತಗ್ಗಿಸಿದೆ. ಅವನು ನಮಸ್ಕಾರ ಮಾಡಿ ಹೊರಟುಹೋದ.

ಅದೇ ವಾರ ಅವನ ವಿಚಾರಣಾಧಿಕಾರಿಯಿಂದ ನಮ್ಮ ಕಚೇರಿಗೆ ಪತ್ರ ಬಂತು. ಅಪಘಾತದ ಸ್ಥಳದಲ್ಲಿ ಶೋಲ್ಡರ್ ವಾಹನದ ಭಾರ ತಡೆಯುವ ಸ್ಥಿತಿಯಲ್ಲಿತ್ತೇ, ಹದಿನೈದು ದಿನದೊಳಗೆ ಲಿಖಿತವಾಗಿ ತಿಳಿಸಿ ಎಂದಿತ್ತು. ನಮ್ಮ ಕಾರ್ಯಪಾಲಕ ಎಂಜಿನಿಯರ್, ಅಂದರೆ ನನಗಿಂತ ಎರಡು ಮೆಟ್ಟಿಲು ಮೇಲಿನ ಸಾಹೇಬರು, ಪತ್ರವನ್ನು ನನ್ನ ಕಡೆ ತಳ್ಳಿದರು. "ಇದರಲ್ಲಿ ಯೋಚನೆ ಮಾಡೋದೇನಿದೆ ರೀ? ನಿಮ್ಮ ಸರ್ಟಿಫಿಕೇಟ್ ಫೈಲಿನಲ್ಲಿದೆ. ಇತ್ತು ಅಂತ ಬರೆದು ಕಳಿಸಿ. ಈ ವರ್ಷ ನಿಮ್ಮ ಪ್ರಮೋಷನ್ ಲಿಸ್ಟ್ ಬೇರೆ ಬರ್ತಾ ಇದೆ" ಎಂದರು. ಅವರು ಕೆಟ್ಟವರಲ್ಲ. ಅವರೂ ನನ್ನಷ್ಟೇ ದಣಿದವರು, ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು.

ಉತ್ತರದ ಕರಡು ಬರೆದೆ. ಮೂರೇ ಸಾಲು. ಟೈಪಿಗೆ ಕೊಡುವ ಮುಂಚೆ ಒಂದು ಸಲ ಸ್ಥಳ ನೋಡಿ ಬಂದರೆ ಬರೆದದ್ದಕ್ಕೆ ಬಲ ಬರುತ್ತದೆ ಎನ್ನಿಸಿತು. ಡ್ರೈವರನ ಮೇಲಿನ ಕನಿಕರದಿಂದ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನದೇ ಸರಿ ಎಂದು ತೋರಿಸಿಕೊಳ್ಳಲು ಹೋದೆ. ಜೊತೆಗೆ ಆ ರಸ್ತೆಯ ಗ್ಯಾಂಗ್‌ಮನ್ ಬೋರಯ್ಯ. ಗ್ಯಾಂಗ್‌ಮನ್ ಎಂದರೆ ರಸ್ತೆಯ ಗುಂಡಿ ಮುಚ್ಚುವ, ಚರಂಡಿ ತೆಗೆಯುವ ಇಲಾಖೆಯ ಆಳು. ಆ ರಸ್ತೆಯ ಪಕ್ಕದ ಹಳ್ಳಿಯವನೇ, ಇಪ್ಪತ್ತಾರು ವರ್ಷದಿಂದ ಅದೇ ರಸ್ತೆಯ ಮೇಲೆ ನಡೆದವನು.

ಮೊದಲು ಹದಿನಾಲ್ಕನೇ ಕಲ್ಲಿನ ಬಳಿ ಅಗೆಸಿದೆ. ಅಷ್ಟು ಮಳೆಯಾದ ಮೇಲೂ ಮಣ್ಣು ಗಟ್ಟಿಯಾಗಿತ್ತು. ನೋಡಿದೆಯಾ ಎನ್ನುವಂತೆ ಬೋರಯ್ಯನ ಮುಖ ನೋಡಿದೆ. ಅವನು ಹಾರೆಯನ್ನು ಹೆಗಲಿಗೇರಿಸಿದ. ಅಲ್ಲಿಂದ ಟೇಪು ಹಿಡಿದು ಬಸ್ಸು ಹೂತ ಜಾಗಕ್ಕೆ ನಡೆದೆವು. ಕಲ್ಲಿನಿಂದ 430 ಮೀಟರ್. ಚಕ್ರ ಹೂತ ಹಳ್ಳಕ್ಕೆ ಯಾರೋ ಮುಳ್ಳು ಕಡಿದು ಹಾಕಿದ್ದರು. ಅದರಿಂದ ನಾಲ್ಕು ಮಾರು ಆಚೆಗೆ, ಮೇಲಿನಿಂದ ಏನೂ ಆಗಿಲ್ಲದಂತೆ ಕಾಣುತ್ತಿದ್ದ ಕಡೆ ಅಗೆಯಲು ಹೇಳಿದೆ. ಬೋರಯ್ಯ ಪಿಕಾಸಿ ಎತ್ತಲೇ ಇಲ್ಲ. ಹಾರೆಯನ್ನು ನೆಲಕ್ಕೆ ಊರಿ ಎರಡೂ ಕೈಯಿಂದ ಒತ್ತಿದ. ಅದು ಅವನ ಕೈ ನೆಲಕ್ಕೆ ತಾಗುವವರೆಗೆ ಇಳಿಯಿತು.

ಅಗೆಸಿ ನೋಡಿದರೆ ಆಳ ನಾಲ್ಕಡಿಯೂ ಇಲ್ಲ. ಪೈಪಿನ ಮೇಲೆ ಹೆಂಟೆ ಹೆಂಟೆಯಾಗಿಯೇ ಮಣ್ಣು ತಳ್ಳಿ, ಮೇಲೆ ಒಂದು ಪದರ ಮಾತ್ರ ದಿಮ್ಮಿಸಿ ನುಣ್ಣಗೆ ಮಾಡಿದ್ದರು. ಬೇಸಿಗೆಯಲ್ಲಿ ಅದು ಗಟ್ಟಿಯಾಗಿಯೇ ಕಂಡಿರುತ್ತದೆ. ಮಳೆ ನೀರು ಇಳಿದ ಮೇಲೆ ಒಳಗೆ ಅಂಬಲಿ. ಅಲ್ಲಿಂದ ಮುಂದೆ ಕಲ್ಲು ನೋಡದೆ, ಮನಸ್ಸಿಗೆ ಬಂದ ಕಡೆ ಎಂಟು ಜಾಗದಲ್ಲಿ ಹಾರೆ ಊರಿಸಿದೆ. ಏಳು ಕಡೆ ಹಾರೆ ಹಾಗೆಯೇ ಇಳಿಯಿತು. ಎಂಟನೆಯದು ಹದಿನೇಳನೇ ಕಲ್ಲಿನ ಪಕ್ಕದಲ್ಲಿತ್ತು.

"ನಿನಗೆ ಇದು ಗೊತ್ತಿತ್ತೇನಯ್ಯ?" ಎಂದು ಬೋರಯ್ಯನನ್ನು ಕೇಳಿದೆ.

"ಈ ರೋಡ್ನಾಗೆ ದನ ಮೇಯ್ಸೋರ್ಗೂ ಗೊತ್ತು ಕಣ್ ಸೋಮಿ. ಕಲ್ಲಿನ ತಾವು ಮಾತ್ರ ನೀರು ಉಯ್ದು ದಿಮ್ಸೋರು. ಮಿಕ್ಕಿದ್ದು ಎಲ್ಲಾ ಸುಮ್ಕೆ ತಳ್ಕಂಡು ಓದ್ರು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಅವನು ಹಾರೆಯ ಮಣ್ಣು ಕೆರೆಯುತ್ತಾ, "ನೀವು ಕೇಳ್ನಿಲ್ಲ ಸೋಮಿ. ಜೀಪಿಂದ ಇಳುದ್ರಿ, ಕಲ್ಲಿನ ತಾವು ನೋಡುದ್ರಿ, ತಿರ್ಗ ಜೀಪ್ ಅತ್ಕಂಡು ಒಂಟೋದ್ರಿ. ನಾನು ಅಲ್ಲೇ ಚರಂಡೀಲಿ ನಿಂತಿದ್ದೆ" ಎಂದ. ಅವನು ಅಲ್ಲಿ ನಿಂತಿದ್ದದ್ದು ನನಗೆ ನೆನಪೇ ಇರಲಿಲ್ಲ. ನಾಚಿಕೆಯಾಯಿತು.

ಮರುದಿನವೇ ಸಾಲಿಗ್ರಾಮಕ್ಕೆ ಹೋದೆ. ಮೈಯೆಲ್ಲ ಕೋಪ. ಚಿಕ್ಕಣ್ಣ ಮೇಸ್ತ್ರಿ ಗದ್ದೆಯ ಬದುವಿನ ಮೇಲಿದ್ದ. ನನ್ನನ್ನು ನೋಡಿ ಕೈ ತೊಳೆದುಕೊಂಡು ಬಂದ. ನಾನು ಕೂಗಾಡಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡ. ಇಲ್ಲ ಎನ್ನಲಿಲ್ಲ, ಕಾಲಿಗೆ ಬೀಳಲೂ ಇಲ್ಲ.

"ದಿನಕ್ಕೆ ಒಂದು ಟ್ಯಾಂಕರ್ ನೀರು ಕೊಟ್ಟು ಎರಡು ತಿಂಗಳ್ಗೆ ಮುಗ್ಸು ಅಂದ್ರು ಕಂಪ್ನಿಯೋರು. ಅಷ್ಟ್ ನೀರ್ನಾಗೆ ಎಲ್ಲಾ ಕಡೆ ದಿಮ್ಸಕ್ಕೆ ಆಯ್ತದಾ ಸೋಮಿ? ಅದ್ಕೇ ಬೇಕಾದ ಕಡೆ ದಿಮ್ಮಿಸ್ದೋ."

"ಬೇಕಾದ ಕಡೆ ಅಂದರೆ?"

"ಕಲ್ಲಿನ ತಾವು. ನಾನು ಇಪ್ಪತ್ ವರ್ಸದಿಂದ ನೋಡಿವ್ನಿ, ಯಾವ ಇಂಜಿನೀರೂ ಕಲ್ಲು ಬುಟ್ಟು ಇಳಿಯಾಕಿಲ್ಲ. ಸರ್ಕಾರ್ದೋರ್ಗೆ ಅಲ್ಲಿ ಗಟ್ಟಿ ಇದ್ರೆ ಸಾಕೇನೋ ಅನ್ಕಂಡೊ. ನೀವು ನಡುಮಧ್ಯ ಒಂದೇ ಒಂದಪ ಇಳುದಿದ್ರೆ ನಾನು ಅಂಗೆ ಮಾಡ್ತಿದ್ನಾ? ಹೇಳಿ."

ಅವನು ಮಾಡಿದ್ದು ಮೋಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿ ಮೋಸ ಮಾಡಿದರೆ ದಕ್ಕುತ್ತದೆ ಎಂದು ತೋರಿಸಿಕೊಟ್ಟವನು ನಾನು. ಒಂದು ಇಲಾಖೆಗೆ ಇಲಾಖೆಯೇ, ತಲೆಮಾರಿನಿಂದ ತಲೆಮಾರಿಗೆ, ತಾನು ಎಲ್ಲಿ ನೋಡುತ್ತೇನೆ ಎಂಬುದನ್ನು ಕಲ್ಲು ನೆಟ್ಟು ಸಾರಿಕೊಂಡು ಬಂದಿತ್ತು. ವಾಪಸು ಬರುವಾಗ ಜೀಪಿನಲ್ಲಿ ಕೋಪವೆಲ್ಲ ಇಳಿದು ಬರೀ ಸುಸ್ತು ಉಳಿಯಿತು.

ಉತ್ತರ ಕಳಿಸಲು ಇನ್ನು ಆರು ದಿನವಿತ್ತು. ಮೂರು ದಿನ ಏನೂ ಬರೆಯದೆ ಕಳೆದೆ. ಎರಡು ತಿಂಗಳಿನಲ್ಲಿ ಪ್ರಮೋಷನ್ ಪಟ್ಟಿ. ಮೂರು ಶಾಖೆಯ ಹೊರೆ ಇಳಿದು ಮೈಸೂರಿಗೆ ಹೋಗುವ ಆಸೆ ಇಟ್ಟುಕೊಂಡಿದ್ದೆ, ಮನೆಯಲ್ಲೂ ಆಸೆ ಹುಟ್ಟಿಸಿದ್ದೆ. ಆ ಹಳೆಯ ಕರಡು ಡ್ರಾಯರಿನಲ್ಲಿಯೇ ಇತ್ತು. ಮೂರು ಸಾಲು ಟೈಪು ಮಾಡಿಸಿದರೆ ಸಾಕು, ನನಗೆ ಏನೂ ಆಗುವುದಿಲ್ಲ. ಸಿದ್ದರಾಜುವಿನ ಹತ್ತೊಂಬತ್ತು ವರ್ಷ ಮುಗಿಯುತ್ತದೆ, ಅಷ್ಟೆ. ನನ್ನ ಹೆಂಡತಿಗೆ ಎಲ್ಲವನ್ನೂ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆಯೇ ಅಂದಳು: "ಹೋಗೋದಾದ್ರೆ ಮೈಸೂರಿಗೆ ಆಮೇಲೂ ಹೋಗಬಹುದು ಕಣ್ರೀ. ಆ ಮನುಷ್ಯನ ಮುಖ ಹುಣಸೂರಿನಲ್ಲಿ ಎದುರಾದರೆ ನೀವು ಎತ್ತ ತಿರುಗ್ತೀರಿ?"

ನಾಲ್ಕನೆಯ ದಿನ ಬೇರೆ ಉತ್ತರ ಬರೆದೆ. ಯಾವ ಯಾವ ಜಾಗದಲ್ಲಿ ಹಾರೆ ಎಷ್ಟು ಇಳಿಯಿತು ಎಂಬ ಪಟ್ಟಿ ಹಚ್ಚಿದೆ. ಸಾಹೇಬರು ಓದಿ, ಕನ್ನಡಕ ತೆಗೆದು, ಕಣ್ಣು ಉಜ್ಜಿಕೊಂಡರು. "ನಿಮ್ಮ ಕೊರಳಿಗೆ ನೀವೇ ಹಗ್ಗ ಹಾಕ್ಕೊಂಡ್ರಿ. ನನ್ನನ್ನ ಎಳೀಬೇಡಿ" ಎಂದರು. ಮೇಲೆ ಒಂದು ಅಕ್ಷರವನ್ನೂ ಬರೆಯದೆ ಪತ್ರವನ್ನು ಕಳಿಸಿಕೊಟ್ಟರು. ತಡೆಹಿಡಿಯಬಹುದಾಗಿತ್ತು, ಹಿಡಿಯಲಿಲ್ಲ. ಅದಕ್ಕೆ ಇಂದಿಗೂ ನಾನು ಅವರಿಗೆ ಋಣಿ.

ವಿಚಾರಣೆಗೆ ನನ್ನನ್ನು ಸಾಕ್ಷಿಯಾಗಿ ಕರೆಸಿದರು. ಸಣ್ಣ ಕೋಣೆ, ಮೂರು ಕುರ್ಚಿ. ಸಿದ್ದರಾಜು ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದ. ವಿಚಾರಣಾಧಿಕಾರಿ ಒಂದು ಕೈಯಲ್ಲಿ ಏಪ್ರಿಲ್ ತಿಂಗಳ ನನ್ನ ಪ್ರಮಾಣಪತ್ರವನ್ನೂ ಇನ್ನೊಂದು ಕೈಯಲ್ಲಿ ನನ್ನ ಪತ್ರವನ್ನೂ ಹಿಡಿದು, "ಎರಡಕ್ಕೂ ನಿಮ್ಮದೇ ಸಹಿ. ಇದರಲ್ಲಿ ನಿಜ ಯಾವುದು?" ಎಂದರು.

"ಮೊದಲನೆಯದು ಇಪ್ಪತ್ತೆರಡು ಗುಂಡಿಗಳ ಮಟ್ಟಿಗೆ ನಿಜ. ನಡುವಿನ ರಸ್ತೆಯನ್ನು ನಾನು ನೋಡಿರಲಿಲ್ಲ. ನೋಡದೆಯೇ ನೋಡಿದ್ದೇನೆ ಎಂದು ಬರೆದೆ" ಎಂದೆ. ಗುಮಾಸ್ತ ಅದನ್ನು ಹಾಗೆಯೇ ಬರೆದುಕೊಂಡ. ಓದಿ ಹೇಳಿ, ಸಹಿ ಹಾಕಿಸಿಕೊಂಡ.

ಐದು ತಿಂಗಳ ಮೇಲೆ ಸಿದ್ದರಾಜು ಕೆಲಸಕ್ಕೆ ಮರಳಿದ. ಪೊಲೀಸ್ ಕೇಸು ಇನ್ನೂ ಎರಡು ವರ್ಷ ಎಳೆದು ಖುಲಾಸೆಯಾಯಿತು. ನನ್ನ ಮೇಲೆ ಇಲಾಖಾ ವಿಚಾರಣೆ ನಡೆದು ಪ್ರಮೋಷನ್ ನಾಲ್ಕು ವರ್ಷ ಹಿಂದೆ ಬಿತ್ತು. ನನ್ನ ಕೈ ಕೆಳಗೆ ಕೆಲಸ ಕಲಿತವನೊಬ್ಬ ನನ್ನ ಮೇಲಧಿಕಾರಿಯಾಗಿ ಬಂದ. ಅವನು ನನ್ನನ್ನು 'ಸಾರ್' ಎನ್ನುವುದನ್ನು ಬಿಡಲಿಲ್ಲ, ಅದೇ ಹೆಚ್ಚು ಕಷ್ಟವಾಗುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾದೆ. ಕೆಂಪಮ್ಮನ ಮೂಳೆ ಕೂಡಿತಂತೆ. ಆದರೆ ಕೈ ತಲೆಯ ಮೇಲಕ್ಕೆ ಏಳದೆ, ಕುಕ್ಕೆ ಹೊರುವುದನ್ನು ಬಿಟ್ಟಳಂತೆ. ಇದನ್ನು ಬೋರಯ್ಯನ ಬಾಯಲ್ಲಿ ಕೇಳಿದೆ. ಆಕೆಯ ಊರು ನನ್ನ ರಸ್ತೆಯಿಂದ ಎರಡೇ ಮೈಲಿ. ಹೋಗಿ ಎದುರು ನಿಲ್ಲುವ ಧೈರ್ಯ ನನಗೆ ಬರಲೇ ಇಲ್ಲ.

ಕಂಪನಿಯಿಂದ ಇಡೀ ಟ್ರೆಂಚನ್ನು ಮತ್ತೆ ತೆಗೆಸಿ ತುಂಬಿಸಿದೆವು. ಕೆಲಸ ಚಿಕ್ಕಣ್ಣನ ಗುಂಪಿನದೇ. ಈ ಸಲ ನಾನು ಜೀಪು ಬಿಟ್ಟು ನಡೆದೆ, ದಿನಕ್ಕೆ ಒಂದು ಕಿಲೋಮೀಟರಿನಂತೆ. ಎಲ್ಲಿ ಅಗೆಸಬೇಕೆಂದು ನಾನೂ ಮೊದಲೇ ನಿರ್ಧರಿಸುತ್ತಿರಲಿಲ್ಲ. ಎದುರಿಗೆ ಬಂದವರನ್ನು, ಎಮ್ಮೆ ಹೊಡೆದುಕೊಂಡು ಹೋಗುವವರನ್ನು, ಸೌದೆ ಹೊತ್ತವರನ್ನು ನಿಲ್ಲಿಸಿ "ಇಲ್ಲಿ ಎಲ್ಲಾದರೂ ಒಂದು ಕಡೆ ಕೈ ತೋರಿಸಿ" ಎನ್ನುತ್ತಿದ್ದೆ. ಅವರು ಈ ಇಂಜಿನೀರಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಂಡೇ ಕೈ ತೋರಿಸುತ್ತಿದ್ದರು. ಅಲ್ಲೇ ಅಗೆಸುತ್ತಿದ್ದೆ. ವರದಿಯ ಮೊದಲ ಕಲಂನಲ್ಲಿ 'ಮೀ. 0' ಎಂದು ಮತ್ತೆಂದೂ ಬರೆಯಲಿಲ್ಲ. ಮೊದಮೊದಲು ಮೂರು ಗುಂಡಿಯಲ್ಲಿ ಒಂದು ಸಡಿಲವಿರುತ್ತಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ಎಲ್ಲವೂ ಗಟ್ಟಿ. ಚಿಕ್ಕಣ್ಣ ಒಂದು ದಿನ "ಇಂಗೆ ಮಾಡುದ್ರೆ ನಮ್ಗೂ ದಾರಿ ಇಲ್ಲ ಬುಡಿ" ಎಂದು ನಕ್ಕ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಜೀಪು ಕೆಟ್ಟು ಕೋಟೆಯಲ್ಲಿ ಬಸ್ಸು ಹತ್ತಿದೆ. ಹತ್ತಿದ ಮೇಲೆ ನೋಡಿದರೆ ಸಿದ್ದರಾಜು ಸ್ಟೇರಿಂಗಿನ ಮುಂದೆ. ನಮಸ್ಕಾರ ಸಾ ಎಂದು ಮುಂದಿನ ಸೀಟು ಬಿಡಿಸಿಕೊಟ್ಟ. ಮನೆ, ಮಕ್ಕಳ ಮಾತಾಯಿತು. ಹದಿನೆಂಟನೇ ಕಲ್ಲು ದಾಟಿದ ಮೇಲೆ ಎದುರಿನಿಂದ ಬಿದಿರು ಹೇರಿದ ಲಾರಿ ಬಂತು. ಸಿದ್ದರಾಜು ಬಸ್ಸನ್ನು ಟಾರಿನ ಮೇಲೆಯೇ ನಿಲ್ಲಿಸಿಬಿಟ್ಟ. ಲಾರಿಯವನು ಹಾರ್ನು ಬಾರಿಸಿದ. ಹಿಂದಿನಿಂದ ಜನ ಕೂಗಿದರು. "ಇಳ್ಸಪ್ಪ ಚಕ್ರಾವ, ಸಂಜೆ ಮಾಡ್ತೀಯಾ?" ಇದು ದಿನವೂ ನಡೆಯುವ ರಂಪವೆಂದು ಕಂಡಕ್ಟರು ಕಿವಿಗೆ ಪೆನ್ಸಿಲು ಸಿಕ್ಕಿಸಿ ಸುಮ್ಮನೆ ಕೂತ.

ನಾನು ಮುಂದಕ್ಕೆ ಬಗ್ಗಿ, "ಇಳಿಸಿ ಸಿದ್ದರಾಜು. ಇಲ್ಲೆಲ್ಲ ನಾನೇ ಮುಂದೆ ನಿಂತು ದಿಮ್ಮಿಸಿ ತುಂಬಿಸಿದ್ದೇನೆ. ಗಟ್ಟಿಯಾಗಿದೆ" ಎಂದೆ.

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನನ್ ಕೆಲ್ಸ ಉಳ್ಸಿದೋರು ನೀವು. ಸುಳ್ಳೇಳಾಕಿಲ್ಲ. ಆದ್ರೆ ಆವತ್ತೂ ನಿಮ್ ಸಹಿ ಇತ್ತಲ್ವಾ ಸಾ?" ಎಂದ. ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. "ಮನ್ಸು ಇಳ್ಸು ಅಂತದೆ. ಕೈ ಕೇಳಾಕಿಲ್ಲ."

ಲಾರಿಯವನು ಬೈದುಕೊಂಡು ತಾನೇ ಪೂರ್ತಿ ಮಣ್ಣಿಗೆ ಇಳಿದು ದಾಟಿಹೋದ. ಬಸ್ಸು ಹೊರಟಿತು. ಹುಣಸೂರು ಬರುವವರೆಗೆ ಇನ್ನೂ ಮೂರು ಕಡೆ ಹಾಗೆಯೇ ನಿಂತಿತು, ಮೂರು ಕಡೆಯೂ ಅವನು ಬೈಸಿಕೊಂಡ. ಪ್ರತಿ ಸಲವೂ ನನ್ನ ಕಿವಿ ಬಿಸಿಯಾಯಿತು, ಬೈಗುಳ ಸೇರಬೇಕಾದದ್ದು ಯಾರಿಗೆ ಎಂದು ಆ ಬಸ್ಸಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಆಮೇಲೆ ಹನ್ನೊಂದು ವರ್ಷ ನೌಕರಿ ಮಾಡಿದೆ. ಸಾವಿರಾರು ಸಹಿ ಹಾಕಿರಬೇಕು. ಪ್ರತಿಯೊಂದಕ್ಕೂ ಪೆನ್ನು ತೆರೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಂಡೆ: ಮೂವತ್ತೆಂಟು ಜನರನ್ನು ಕೂರಿಸಿಕೊಂಡು, ಈ ಮಣ್ಣಿಗೆ ನಾನು ಚಕ್ರ ಇಳಿಸುತ್ತೇನೆಯೇ? ಹೂಂ ಎನ್ನಲು ಬಾಯಿ ತಡವರಿಸಿದ ದಿನಗಳಲ್ಲಿ ಪೆನ್ನು ಮುಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಮತ್ತೆ ನಡೆಯಲು ಹೋಗಿದ್ದೇನೆ.